ಹುಬ್ಬಿನ ಬಣ್ಣ ಕೂರುವ ತಿಂಗಳು

ಪರ್ಮನೆಂಟ್ ಮೇಕಪ್ ಮಾಡುವ ಸ್ಟುಡಿಯೊಗಳಿಗೆ ಒಬ್ಬ ಗ್ರಾಹಕಿಯಿಂದ ಸಾಮಾನ್ಯವಾಗಿ ಎರಡು ಫೋನ್ ಬರುತ್ತವೆ. ಮೊದಲನೆಯದು ಹುಬ್ಬು ಬರೆಸಿಕೊಂಡ ಮಾರನೆಯ ದಿನವೋ ಅದರ ಮಾರನೆಯ ದಿನವೋ: ‘ತುಂಬಾ ಕಪ್ಪಾಗಿಬಿಟ್ಟಿದೆ ಮೇಡಂ, ಮನೇಲಿ ಎಲ್ಲರೂ ನಗ್ತಿದಾರೆ, ಏನಾದ್ರೂ ಮಾಡಿ ತಿಳಿ ಮಾಡಿಕೊಡಿ.’ ಎರಡನೆಯದು ಹತ್ತನೆಯ ದಿನದ ಆಸುಪಾಸಿನಲ್ಲಿ: ‘ಎಲ್ಲಾ ಉದುರಿಹೋಯ್ತು ಮೇಡಂ, ಕೊಟ್ಟ ದುಡ್ಡು ನೀರಲ್ಲಿ ಹೋಮ ಆಯ್ತು.’ ಎರಡಕ್ಕೂ ಉತ್ತರ ಒಂದೇ: ಸ್ವಲ್ಪ ಕಾಯಿರಿ, ಕೈ ಹಾಕಬೇಡಿ.

ನಿಜಕ್ಕೂ ಬರಬೇಕಾದ ಮೂರನೆಯ ಫೋನ್ ಒಂದಿದೆ. ಆರು ವಾರವೋ ಎರಡು ತಿಂಗಳೋ ಕಳೆದ ಮೇಲೆ ಹುಬ್ಬಿನ ಅಂಚಿನಲ್ಲಿ ಸಣ್ಣ ಗಂಟು ಏಳುತ್ತದೆ, ಕಿವಿಯ ಮುಂದೆ ಗೆಡ್ಡೆ ಊದಿಕೊಳ್ಳುತ್ತದೆ. ಆಗ ಯಾರೂ ಸ್ಟುಡಿಯೊಗೆ ಫೋನ್ ಮಾಡುವುದಿಲ್ಲ. ಬಣ್ಣ ಕೂತಿದೆ, ಕನ್ನಡಿ ನೋಡಿ ಸಮಾಧಾನವಾಗಿದೆ, ಇದು ಬೇರೇನೋ ಇರಬೇಕು ಎಂದುಕೊಂಡು ಬಡಾವಣೆಯ ಡಾಕ್ಟರ ಬಳಿ ಹೋಗುತ್ತಾರೆ. ಹುಬ್ಬಿನ ಸಂಗತಿಯನ್ನು ಅವರೂ ಹೇಳುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ. ಹೆದರಬೇಕಿಲ್ಲದ ದಿನಗಳಲ್ಲಿ ವಿಪರೀತ ಹೆದರಿ, ಗಮನಿಸಬೇಕಾದ ದಿನಗಳಲ್ಲಿ ಮರೆತುಬಿಡುವುದು ಈ ಆರೈಕೆಯ ದೊಡ್ಡ ತೊಡಕು.

ಮೈಕ್ರೊಬ್ಲೇಡಿಂಗ್, ಪೌಡರ್ ಬ್ರೋ, ಲಿಪ್ ಬ್ಲಶ್, ಕಣ್ಣಂಚಿನ ಐಲೈನರ್ ಎಂದು ಮೆನು ಕಾರ್ಡಿನಲ್ಲಿ ಹೆಸರು ಹಲವಿರಬಹುದು, ಕೆಲಸ ಮಾತ್ರ ಹಚ್ಚೆಯದೇ. ಮೈಕ್ರೊಬ್ಲೇಡಿಂಗ್‌ನಲ್ಲಿ ಸಾಲಾಗಿ ಜೋಡಿಸಿದ ಸಣ್ಣ ಸೂಜಿಗಳ ಕೈ ಉಪಕರಣದಿಂದ ಒಂದೊಂದು ಕೂದಲಿನಂತೆ ಗೀರು ಎಳೆಯುತ್ತಾರೆ. ಉಳಿದವುಗಳಲ್ಲಿ ಮೆಷಿನ್ನಿನ ಸೂಜಿ ಚುಕ್ಕೆ ಚುಕ್ಕೆಯಾಗಿ ಬಣ್ಣ ಇಳಿಸುತ್ತದೆ. ಇದು ನಿನ್ನೆ ಮೊನ್ನೆಯ ಹುಚ್ಚೇನಲ್ಲ. ಲಂಡನ್ನಿನ ಹಚ್ಚೆಗಾರ ಸದರ್ಲೆಂಡ್ ಮ್ಯಾಕ್‌ಡೊನಾಲ್ಡ್ 20ನೇ ಶತಮಾನದ ಆರಂಭದಲ್ಲೇ ಹೆಂಗಸರ ಕೆನ್ನೆಗೆ ಮಾಸದ ಗುಲಾಬಿ ರಂಗು ಚುಚ್ಚಿಕೊಡುತ್ತಿದ್ದ.

ಬಣ್ಣ ಮೊದಲು ಕಪ್ಪಾಗಿ, ಆಮೇಲೆ ಮಾಯವಾಗಿ, ಮತ್ತೆ ಮೂಡುವ ಈ ಆಟ ಅರ್ಥವಾಗಬೇಕಾದರೆ ಚರ್ಮದ ಎರಡು ಪದರಗಳನ್ನು ನೆನಪಿಟ್ಟುಕೊಂಡರೆ ಸಾಕು. ಹೊರಗಿನದು ಎಪಿಡರ್ಮಿಸ್. ಮುಖದ ಮೇಲೆ ಅದರ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಹೊಸ ಕೋಶಗಳು ಕೆಳಗಿನಿಂದ ಹುಟ್ಟಿ ಮೇಲೇರಿ ಉದುರುತ್ತವೆ. ಈ ಸುತ್ತು ಮುಗಿಯಲು ಸುಮಾರು ಒಂದು ತಿಂಗಳು ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಅದರ ಕೆಳಗಿನದು ಡರ್ಮಿಸ್. ಅದು ಹಾಗೆ ಉದುರುವುದಿಲ್ಲ. ಸೂಜಿ ಡರ್ಮಿಸ್‌ನ ಮೇಲ್ಭಾಗವನ್ನು ಮುಟ್ಟಿ ಬಣ್ಣ ಬಿಡಬೇಕು, ಆದರೆ ಹೋಗುವ ದಾರಿಯಲ್ಲಿ ಎಪಿಡರ್ಮಿಸ್‌ನಲ್ಲೂ ಸಾಕಷ್ಟು ಚೆಲ್ಲುತ್ತದೆ. ಮೊದಲ ದಿನ ಕನ್ನಡಿಯಲ್ಲಿ ಕಾಣುವುದು ಎರಡೂ ಪದರದ ಬಣ್ಣ. ಗಾಯದಿಂದ ಜಿನುಗಿದ ರಸಿಗೆ ಒಣಗಿ ಅದರ ಮೇಲೆ ಇನ್ನೊಂದು ಗಾಢ ಲೇಪ ಬಳಿದಿರುತ್ತದೆ. ಮೂರನೆಯ ನಾಲ್ಕನೆಯ ದಿನ ತುರಿಕೆ ಶುರುವಾಗುತ್ತದೆ, ತೆಳು ಹಕ್ಕಳೆ ಕಟ್ಟುತ್ತದೆ, ವಾರದೊಳಗೆ ಸಿಪ್ಪೆ ಏಳುತ್ತದೆ. ಮೇಲಿನ ಪದರದ ಬಣ್ಣ ಅದರ ಜೊತೆಗೇ ಹೋಗುತ್ತದೆ. ಆಗಷ್ಟೇ ಮೂಡಿದ ಎಳೆ ಚರ್ಮ ಇನ್ನೂ ಮಂಜುಮಂಜಾಗಿರುವುದರಿಂದ ಕೆಳಗಿನ ಬಣ್ಣವನ್ನೂ ಮರೆಮಾಡುತ್ತದೆ. ಎರಡನೆಯ ಫೋನ್ ಬರುವುದು ಆಗಲೇ. ನಾಲ್ಕರಿಂದ ಆರು ವಾರಕ್ಕೆ ಚರ್ಮ ತಿಳಿಯಾಗಿ ನಿಜವಾದ ಬಣ್ಣ ಕಾಣುತ್ತದೆ. ಟಚ್‌ಅಪ್‌ಗೆ ಆರರಿಂದ ಎಂಟು ವಾರದ ನಂತರವೇ ಬರಹೇಳುವುದು ಇದೇ ಕಾರಣಕ್ಕೆ. ಅದಕ್ಕೂ ಮೊದಲೇ ‘ಕಡಿಮೆಯಾಗಿದೆ’ ಎಂದು ಮತ್ತೆ ಚುಚ್ಚಿಸಿಕೊಂಡರೆ ಅರೆಮಾಯ್ದ ಗಾಯದ ಮೇಲೆ ಇನ್ನೊಂದು ಗಾಯ, ಬೇಡದಷ್ಟು ಬಣ್ಣ, ಕೆಲವೊಮ್ಮೆ ಕಲೆ.

ಡರ್ಮಿಸ್‌ಗೆ ಇಳಿದ ಬಣ್ಣವಾದರೂ ಅಲ್ಲಿ ಸುಮ್ಮನೆ ಕೂತಿರುವುದಿಲ್ಲ. 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ರೋಗನಿರೋಧಕ ವಿಜ್ಞಾನಿಗಳು ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ ಒಂದು ಪ್ರಯೋಗ ಮಾಡಿದರು. ಬಣ್ಣದ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುವುದು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು. ಆ ಕೋಶಗಳನ್ನೆಲ್ಲ ಕೊಂದರೂ ಹಚ್ಚೆ ಅಳಿಸಲಿಲ್ಲ. ಸತ್ತ ಕೋಶ ಬಿಟ್ಟ ಬಣ್ಣವನ್ನು ಹೊಸದಾಗಿ ಬಂದ ಕೋಶ ಅಲ್ಲೇ ನುಂಗಿ ಕೂತಿತ್ತು. ಶಾಶ್ವತ ಎನ್ನುವ ಬಣ್ಣ ಹೀಗೆ ಕೋಶದಿಂದ ಕೋಶಕ್ಕೆ ಕೈ ಬದಲಿಸುತ್ತಲೇ ಇರುತ್ತದೆ. ಕಾಲಕ್ರಮದಲ್ಲಿ ಕಣಗಳು ಒಡೆದು, ಒಂದಿಷ್ಟು ದುಗ್ಧರಸದ ನಾಳಗಳ ಮೂಲಕ ಸಾಗಿಹೋಗಿ, ಬಿಸಿಲಿಗೆ ಮಾಸಿ ಹುಬ್ಬು ತಿಳಿಯಾಗುತ್ತದೆ. ಮಾಸುವಾಗಲೂ ಬಣ್ಣಬಣ್ಣದ ಆಟವಿದೆ. ಕಬ್ಬಿಣದ ಆಕ್ಸೈಡ್ ಬಣ್ಣಗಳು ಕೆಂಪು ಅಥವಾ ಕಿತ್ತಳೆಯ ಕಡೆ ವಾಲುತ್ತವೆ. ಇಂಗಾಲದ ಕಪ್ಪು ಆಳಕ್ಕೆ ಇಳಿದರೆ ನೀಲಿ ಬೂದಿಯಂತೆ ಕಾಣುತ್ತದೆ.

ಇನ್ನು ಆರೈಕೆ. ಇಲ್ಲಿ ಸ್ಟುಡಿಯೊಗೊಂದು ಶಾಸ್ತ್ರ. ಒಬ್ಬರು ‘ನೀರು ಸೋಕಿಸಲೇಬೇಡಿ, ಒಣಗಲು ಬಿಡಿ’ ಎನ್ನುತ್ತಾರೆ. ಇನ್ನೊಬ್ಬರು ಕೈಗೆ ವ್ಯಾಸಲೀನ್ ಡಬ್ಬಿ ಕೊಟ್ಟು ಹೊತ್ತುಹೊತ್ತಿಗೆ ಹಚ್ಚಿ ಎನ್ನುತ್ತಾರೆ. ಗಾಯ ಒಣಗಬೇಕು, ಗಾಳಿ ಆಡಬೇಕು ಎಂಬುದು ನಮ್ಮ ಮನೆಗಳಲ್ಲಿ ಬೇರೂರಿದ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಮರಿಗಳ ಚರ್ಮದ ಮೇಲೆ ಮಾಡಿದ ಪ್ರಯೋಗ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು: ತೇವ ಉಳಿಸಿಕೊಂಡ ಮೇಲ್ಮೈ ಗಾಯ, ಹಕ್ಕಳೆ ಕಟ್ಟಲು ಬಿಟ್ಟ ಗಾಯಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ವೇಗದಲ್ಲಿ ಹೊಸ ಚರ್ಮ ಹೊದ್ದುಕೊಂಡಿತು. ಗಟ್ಟಿ ಹಕ್ಕಳೆ ಕಟ್ಟಿದರೆ ಹೊಸ ಕೋಶಗಳು ಅದರ ಅಡಿಗೆ ನುಸುಳಿ ಸುತ್ತಿಬಳಸಿ ಹೋಗಬೇಕು. ಹುಬ್ಬಿನ ವಿಷಯದಲ್ಲಿ ಇನ್ನೂ ಒಂದು ನಷ್ಟವಿದೆ. ದಪ್ಪ ಹಕ್ಕಳೆ ಕಿತ್ತುಬಂದರೆ ಅದಕ್ಕೆ ಅಂಟಿಕೊಂಡ ಬಣ್ಣವೂ ಕಿತ್ತುಬರುತ್ತದೆ, ಅಲ್ಲೊಂದು ತೇಪೆ ಉಳಿಯುತ್ತದೆ.

ಆದರೆ ತೇವ ಎಂದರೆ ಮುದ್ದೆಮುದ್ದೆ ಜೆಲ್ಲಿ ಮೆತ್ತುವುದಲ್ಲ. ದಪ್ಪಗೆ ಮೆತ್ತಿದರೆ ಬೆವರು ಕಟ್ಟಿಕೊಂಡು ಚರ್ಮ ನೆನೆದು ಬೆಳ್ಳಗಾಗುತ್ತದೆ, ಗುಳ್ಳೆ ಏಳುತ್ತವೆ. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯಂತೂ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಹೊಸ ಹಚ್ಚೆಯ ಬಣ್ಣ ಮಾಸಬಹುದು, ನೀರಿನಂಶದ ಲೋಷನ್ ಉತ್ತಮ ಎನ್ನುತ್ತದೆ. ಈ ಜಗಳದಲ್ಲಿ ಯಾವ ಪಕ್ಷ ಹಿಡಿದರೂ ಕೆಲವು ಸಂಗತಿಗಳಿಗೆ ತಕರಾರಿಲ್ಲ. ಮೊದಲ ದಿನ ಜಿನುಗುವ ರಸಿಗೆಯನ್ನು ಆಗಾಗ ಶುಭ್ರವಾದ ಟಿಶ್ಯೂ ಅಥವಾ ಗಾಜ್ ಬಟ್ಟೆಯಿಂದ ಒತ್ತಿ ತೆಗೆಯಬೇಕು, ಉಜ್ಜಬಾರದು. ಮುಟ್ಟುವ ಮೊದಲು ಕೈಯನ್ನು ಸೋಪಿನಿಂದ ತೊಳೆಯಬೇಕು. ಹಚ್ಚುವುದು ಏನೇ ಇರಲಿ, ಒಂದೊಂದು ಹುಬ್ಬಿಗೆ ಅಕ್ಕಿಕಾಳಿನಷ್ಟು ಸಾಕು, ಮಿಂಚಿಯೂ ಮಿಂಚದಂತೆ. ಸಿಪ್ಪೆ ಎಷ್ಟೇ ತುರಿಸಲಿ, ಉಗುರು ತಾಗಿಸಬಾರದು.

ಸಮಸ್ಯೆ ಶುರುವಾಗುವುದು ಮನೆಯ ಔಷಧಿ ಡಬ್ಬಿಯಿಂದ. ಕೆಂಪಾಯಿತು ಎಂದ ಕೂಡಲೇ ನಿಯೋಸ್ಪೊರಿನ್ ಅಥವಾ ಸೋಫ್ರಾಮೈಸಿನ್ ಟ್ಯೂಬಿಗೆ ಕೈ ಹೋಗುತ್ತದೆ. ನಿಯೋಸ್ಪೊರಿನ್‌ನಲ್ಲಿರುವ ನಿಯೋಮೈಸಿನ್ ಚರ್ಮದ ಅಲರ್ಜಿಗೆ ಹೆಸರಾದ ಔಷಧಿ. ಸೋಫ್ರಾಮೈಸಿನ್‌ನಲ್ಲಿರುವ ಫ್ರಾಮೈಸೆಟಿನ್ ಅದರ ಹತ್ತಿರದ ಬಂಧು, ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದೂ ಕೈಕೊಡಬಹುದು. ಆಗ ಬಣ್ಣದಿಂದ ಬಂದ ಕೆಂಪು ಯಾವುದು, ಮುಲಾಮಿನಿಂದ ಬಂದದ್ದು ಯಾವುದು ಎಂದು ಹೇಳುವುದೇ ಕಷ್ಟ. ಬೆಟ್ನೊವೇಟ್‌ನಂಥ ಸ್ಟಿರಾಯ್ಡ್ ಕ್ರೀಮಿನ ಕಥೆ ಬೇರೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು ಮುಖಕ್ಕೆ ಹಚ್ಚುವ ಚಟ ನಮ್ಮ ದೇಶದಲ್ಲಿ ಎಷ್ಟಿದೆಯೆಂದರೆ ಚರ್ಮವೈದ್ಯರ ಸಂಘ ಅದರ ವಿರುದ್ಧವೇ ಅಭಿಯಾನ ನಡೆಸಬೇಕಾಯಿತು. ಸ್ಟಿರಾಯ್ಡ್ ಉರಿಯನ್ನು ತಣಿಸುತ್ತದೆ ನಿಜ. ಅದರ ಜೊತೆಗೆ ಗಾಯ ಮಾಯುವುದನ್ನೂ ತಡಮಾಡುತ್ತದೆ, ಸೋಂಕಿನ ಗುರುತನ್ನೂ ಮುಚ್ಚಿಡುತ್ತದೆ.

ಅರಿಶಿನದ ಮಾತು ಬಂದೇ ಬರುತ್ತದೆ. ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದ ಕೊರವಂಜಿಯರು ಚುಚ್ಚಿದ ಮೇಲೆ ಎಣ್ಣೆ ಅರಿಶಿನ ಸವರುತ್ತಿದ್ದರು; ಅಜ್ಜಿಯರ ಮೊಣಕೈಯ ಹಸಿರು ಗೆರೆಗಳು ಹಾಗೇ ಮಾಯ್ದವು. ನೆನಪಿಡಬೇಕಾದ್ದು, ಹಸಿರು ಹಚ್ಚೆಯ ದಪ್ಪ ಗೆರೆಗೆ ಒಂದಿಷ್ಟು ಹಳದಿ ಅಂಟಿದರೆ ಯಾರಿಗೂ ತೊಂದರೆಯಿರಲಿಲ್ಲ. ಸೋಂಕು ತಗಲಿದವರ ಲೆಕ್ಕವನ್ನೂ ಯಾರೂ ಇಟ್ಟಿರಲಿಲ್ಲ. ಅಡುಗೆಮನೆಯ ಅರಿಶಿನ ಪುಡಿ ಕ್ರಿಮಿಶುದ್ಧವಲ್ಲ, ತೆರೆದ ಗಾಯಕ್ಕೆ ಅದನ್ನು ಮೆತ್ತುವುದರಲ್ಲಿ ಜಾಣತನವಿಲ್ಲ. ತಿಳಿ ಕಂದು ಹುಬ್ಬಿಗೆ ಹಳದಿ ಛಾಯೆ ಬಂದರೆ ಅದನ್ನು ಸರಿಪಡಿಸುವ ಖರ್ಚು ಬೇರೆ.

ಕೊರಿಯಾ, ಯುರೋಪಿನ ಆರೈಕೆ ಚೀಟಿಗಳನ್ನು ಹಾಗೇ ಅನುವಾದಿಸಿ ಕೊಡುವ ಸ್ಟುಡಿಯೊಗಳು ನಮ್ಮ ದಿನಚರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಸೌನಾಗೆ ಹೋಗಬೇಡಿ’ ಎಂದು ಬರೆದಿರುತ್ತದೆ. ಮೇ ತಿಂಗಳ ಮಂಗಳೂರಿನಲ್ಲಿ ಕುಚ್ಚಲಕ್ಕಿ ಗಂಜಿ ಬಸಿಯುವವರಿಗೆ ಅಡುಗೆಮನೆಯೇ ಸೌನಾ. ಹಬೆ ಮುಖಕ್ಕೆ ಹೊಡೆಯುವ ಕೆಲಸವನ್ನು ಒಂದು ವಾರ ಮನೆಯ ಗಂಡಸರಿಗೆ ಬಿಟ್ಟುಕೊಟ್ಟರೆ ತಪ್ಪೇನಿಲ್ಲ. ಸ್ಕೂಟರ್ ಓಡಿಸುವವರ ಹೆಲ್ಮೆಟ್ಟಿನ ಒಳಗಿನ ಸ್ಪಂಜು ಸರಿಯಾಗಿ ಹುಬ್ಬಿನ ಮೇಲೆಯೇ ಕೂತು ಉಜ್ಜುತ್ತದೆ, ವರ್ಷಗಟ್ಟಲೆಯ ಬೆವರು ಅದರಲ್ಲಿರುತ್ತದೆ. ಹೆಲ್ಮೆಟ್ ಬಿಡುವಂತಿಲ್ಲ, ಆ ವಾರ ಸ್ಕೂಟರನ್ನೇ ಬಿಡುವುದು ವಾಸಿ. ಎಣ್ಣೆಸ್ನಾನ, ಶ್ಯಾಂಪೂ ನೊರೆ ಮುಖದ ಮೇಲೆ ಇಳಿಯುವಂತೆ ತಲೆಗೆ ಎರೆದುಕೊಳ್ಳುವುದು, ಈಜುಕೊಳ, ಫೇಸ್‌ಪ್ಯಾಕ್, ಥ್ರೆಡಿಂಗ್ ಇವೆಲ್ಲ ಸಿಪ್ಪೆ ಪೂರ್ತಿ ಉದುರಿದ ಮೇಲೆ. ಸ್ಟಿಕರ್ ಬಿಂದಿಯ ಅಂಟು ಹುಬ್ಬಿನ ಬುಡಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಸನ್‌ಸ್ಕ್ರೀನ್ ತೆರೆದ ಗಾಯಕ್ಕಲ್ಲ, ಚರ್ಮ ಕೂಡಿಕೊಂಡ ಮೇಲೆ. ಅಲ್ಲಿಯವರೆಗೆ ಕೊಡೆ ಅಥವಾ ಅಗಲ ಅಂಚಿನ ಟೋಪಿ. ರೆಟಿನಾಲ್, ಗ್ಲೈಕೋಲಿಕ್ ಆಸಿಡ್ ಇರುವ ಸೀರಮ್ಮುಗಳು ಚರ್ಮದ ಉದುರುವಿಕೆಯನ್ನೇ ಚುರುಕುಗೊಳಿಸುವ ಕಾರಣ ಹುಬ್ಬಿನಿಂದ ದೂರವಿರಬೇಕು.

ಎಣ್ಣೆಚರ್ಮದವರಿಗೆ ಮೈಕ್ರೊಬ್ಲೇಡಿಂಗ್‌ನ ಕೂದಲೆಳೆಗಳು ಬೇಗ ಹರಡಿ ಮಸುಕಾಗುತ್ತವೆ, ಅದಕ್ಕೆ ಯಾವ ಆರೈಕೆಯೂ ಮದ್ದಲ್ಲ. ಕಂದು ಚರ್ಮಕ್ಕೆ ಇನ್ನೊಂದು ಸ್ವಭಾವವಿದೆ: ಗಾಯವಾದಲ್ಲಿ ಕಪ್ಪು ಕಲೆ ಉಳಿಸಿಕೊಳ್ಳುವುದು. ಸಿಪ್ಪೆ ಕಿತ್ತರೆ, ಬಿಸಿಲಿಗೆ ಒಡ್ಡಿದರೆ ಅದು ಹೆಚ್ಚುತ್ತದೆ. ಹಿಂದೆ ಕಿವಿ ಚುಚ್ಚಿಸಿಕೊಂಡಾಗ ಉಬ್ಬುಗಲೆ, ಅಂದರೆ ಕೀಲಾಯ್ಡ್, ಬೆಳೆದವರು ಸೂಜಿಗೆ ಮುಖ ಒಡ್ಡುವ ಮೊದಲೇ ಚರ್ಮವೈದ್ಯರನ್ನು ಕಾಣಬೇಕು.

ಮದುವೆ ಹೆಣ್ಣುಗಳ ಕಡೆಯಿಂದ ಬರುವ ಕೋರಿಕೆ ‘ಮುಹೂರ್ತಕ್ಕೆ ಹದಿನೈದು ದಿನ ಇದೆ, ಈಗ ಮಾಡಿಸಬಹುದಾ?’ ಹದಿನೈದನೆಯ ದಿನ ಎಂದರೆ ಹುಬ್ಬು ಅತಿ ಪೇಲವವಾಗಿ ಕಾಣುವ ಹೊತ್ತು. ಫೋಟೊಗ್ರಾಫರ್ ಎದುರು ನಿಲ್ಲುವುದಕ್ಕೆ ಅದಕ್ಕಿಂತ ಕೆಟ್ಟ ದಿನವಿಲ್ಲ. ಟಚ್‌ಅಪ್ಪೂ ಅದರ ಗಾಯವೂ ಸೇರಿ ಮೂರು ತಿಂಗಳ ಮುಂಚೆ ಶುರುಮಾಡಿದರೆ ನೆಮ್ಮದಿ.

ತುಟಿಯದು ಬೇಗ ಮುಗಿಯುವ ಗಾಯ. ಮೊದಲ ದಿನ ಜೇನುನೊಣ ಕಚ್ಚಿದಂತೆ ಊದಿ, ಮೂರನೆಯ ದಿನಕ್ಕೆ ಸಿಪ್ಪೆ ಏಳಲು ಶುರು. ಅಲ್ಲಿನ ಅಪಾಯ ಬೇರೆಡೆ ಇದೆ. ಜ್ವರ ಬಂದಾಗ ತುಟಿಯಂಚಿನಲ್ಲಿ ಗುಂಪಾಗಿ ಏಳುವ ನೀರ್ಗುಳ್ಳೆ ಹರ್ಪಿಸ್ ವೈರಸ್ಸಿನದು. ಒಮ್ಮೆ ಬಂದರೆ ಅದು ನರದ ಗಂಟಿನಲ್ಲಿ ಮಲಗಿರುತ್ತದೆ, ಸೂಜಿಯ ಪೆಟ್ಟಿಗೆ ಎಚ್ಚರಗೊಳ್ಳುತ್ತದೆ. ತುಟಿ ತುಂಬ ಗುಳ್ಳೆ ಎದ್ದರೆ ನೋವಿನ ಜೊತೆಗೆ ಬಣ್ಣವೂ ತೇಪೆತೇಪೆಯಾಗಿ ಕೂರುತ್ತದೆ. ಹಿಂದೆ ಒಮ್ಮೆಯಾದರೂ ಅಂಥ ಗುಳ್ಳೆ ಬಂದಿದ್ದರೆ ವೈದ್ಯರು ಮುಂಚಿತವಾಗಿಯೇ ಎಸೈಕ್ಲೊವಿರ್ ಜಾತಿಯ ಮಾತ್ರೆ ಬರೆದುಕೊಡುತ್ತಾರೆ. ಸ್ಟುಡಿಯೊದ ಅರ್ಜಿಯಲ್ಲಿ ಈ ಪ್ರಶ್ನೆಯೇ ಇಲ್ಲದಿದ್ದರೆ ಗ್ರಾಹಕಿಯೇ ಬಾಯಿಬಿಟ್ಟು ಹೇಳಬೇಕು. ಐಲೈನರ್ ಮಾಡಿಸಿಕೊಂಡವರು ಊತ ಇಳಿದು ಗಾಯ ಮಾಯುವವರೆಗೆ ಕಾಂಟ್ಯಾಕ್ಟ್ ಲೆನ್ಸ್, ಮಸ್ಕರಾ ಮುಟ್ಟಬಾರದು. ಕಣ್ಣೊಳಗೆ ನೋವು, ದೃಷ್ಟಿ ಮಂಜು ಎನಿಸಿದರೆ ಅದು ಕಣ್ಣಿನ ಡಾಕ್ಟರ ಕೆಲಸ, ಪಾರ್ಲರಿನದಲ್ಲ.

ಈಗ ಮೂರನೆಯ ಫೋನಿನ ವಿಷಯ. ಸಾಮಾನ್ಯ ಕೀವಿನ ಸೋಂಕು ಮೊದಲ ವಾರದಲ್ಲೇ ಸುದ್ದಿ ಮಾಡುತ್ತದೆ: ಕೆಂಪು ಕಡಿಮೆಯಾಗುವ ಬದಲು ಹರಡುತ್ತದೆ, ಬಿಸಿಯಾಗುತ್ತದೆ, ಹಳದಿ ಕೀವು, ಜ್ವರ. ಅದನ್ನು ಯಾರೂ ಅಲಕ್ಷಿಸುವುದಿಲ್ಲ. ನಿಧಾನದ ಸೋಂಕುಗಳು ಹಾಗಲ್ಲ. ಸ್ವಿಟ್ಜರ್‌ಲೆಂಡಿನಿಂದ 2011ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ, ಒಬ್ಬಳೇ ಕಲಾವಿದೆಯಿಂದ ಹುಬ್ಬಿಗೆ ಪರ್ಮನೆಂಟ್ ಮೇಕಪ್ ಮಾಡಿಸಿಕೊಂಡಿದ್ದ 12 ಮಂದಿಗೆ ಮೈಕೊಬ್ಯಾಕ್ಟೀರಿಯಂ ಹೀಮೊಫಿಲಂ ಎಂಬ ಜೀವಾಣು ತಗಲಿದ ಕಥೆಯಿದೆ. ಇದು ಕ್ಷಯದ ಜೀವಾಣುವಿನ ದೂರದ ನೆಂಟ. ನಿಧಾನ ಬೆಳೆಯುತ್ತದೆ, ಕಬ್ಬಿಣದ ಅಂಶ ಸೇರಿಸಿ ದೇಹಕ್ಕಿಂತ ತಣ್ಣಗಿನ ಉಷ್ಣದಲ್ಲಿ ಇಡದಿದ್ದರೆ ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಹುಬ್ಬಿನ ಮೇಲೆ ಗಂಟು, ದುಗ್ಧಗ್ರಂಥಿಗಳ ಊತ, ಸಾಮಾನ್ಯ ಪರೀಕ್ಷೆಯಲ್ಲಿ ಏನೂ ಸಿಗದ ಗೊಂದಲ. ‘ಹುಬ್ಬು ಮಾಡಿಸಿದ್ದೀರಾ?’ ಎಂಬ ಒಂದು ಪ್ರಶ್ನೆ ಇಲ್ಲಿ ಎಷ್ಟೋ ಪರೀಕ್ಷೆಗಳಿಗಿಂತ ಬೆಲೆಬಾಳುತ್ತದೆ.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 2011ರ ಕೊನೆಗೆ ಇಂಥದ್ದೇ ಇನ್ನೊಂದು ಪ್ರಕರಣ ನಡೆಯಿತು. ಅದು ಮಾಮೂಲಿ ಹಚ್ಚೆಯದು. ಒಬ್ಬನೇ ಹಚ್ಚೆಗಾರನ ಬಳಿ ಹೋಗಿದ್ದ 19 ಮಂದಿಗೆ ಮೈಕೊಬ್ಯಾಕ್ಟೀರಿಯಂ ಕೆಲೋನಿ ಸೋಂಕು. ಆತನ ಅಂಗಡಿ, ಸೂಜಿಗಳಲ್ಲಿ ದೋಷ ಕಾಣಲಿಲ್ಲ. ಬೂದು ಬಣ್ಣದ ಶಾಯಿ ಕಾರ್ಖಾನೆಯಿಂದಲೇ ಕಲುಷಿತವಾಗಿ ಬಂದಿತ್ತು. ಶಾಯಿ ತೆಳುಮಾಡಲು ಬಳಸಿದ ಡಿಸ್ಟಿಲ್ಡ್ ವಾಟರ್ ಮೇಲೆ ಅನುಮಾನ ಬಿತ್ತು. ಮುಚ್ಚಳ ಸೀಲ್ ಇರುವ ಬಾಟಲಿ ನಿಮ್ಮೆದುರೇ ಒಡೆದರು ಎಂಬ ಸಮಾಧಾನ ಪೂರ್ತಿ ಸಮಾಧಾನವಲ್ಲ ಎಂದಾಯಿತು. ಹಾಗಾದರೆ ಗ್ರಾಹಕಿ ಮಾಡಬಹುದಾದ್ದೇನು? ಬಾಟಲಿಯ ಲೇಬಲ್ಲಿನ ಫೋಟೊ. ಬಣ್ಣದ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಮೊಬೈಲಿನಲ್ಲಿದ್ದರೆ ಆರು ತಿಂಗಳ ನಂತರ ಡಾಕ್ಟರಿಗೆ ತೋರಿಸಲು ಏನಾದರೂ ಇರುತ್ತದೆ. ‘ಮೊದಲು-ಆಮೇಲೆ’ ಫೋಟೊಗಳಿಗಿಂತ ಇದು ಉಪಯೋಗದ ಫೋಟೊ.

ಸೋಂಕಿಲ್ಲದೆಯೂ ಗಂಟು ಏಳಬಹುದು. 2003-04ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಗೆ ಒಂದೇ ಕಂಪನಿಯ ಪರ್ಮನೆಂಟ್ ಮೇಕಪ್ ಬಣ್ಣಗಳ ಮೇಲೆ 150ಕ್ಕೂ ಹೆಚ್ಚು ದೂರುಗಳು ಬಂದವು: ಊತ, ತುರಿಕೆ, ಬಿರುಕು, ಗಂಟು. ಕೆಲವರನ್ನು ತಿಂಗಳುಗಟ್ಟಲೆ, ಇನ್ನು ಕೆಲವರನ್ನು ವರ್ಷಗಟ್ಟಲೆ ಕಾಡಿದ ತೊಂದರೆ. ಆ ಬಣ್ಣಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ದೇಹ ತನಗೆ ಒಗ್ಗದ ಕಣಗಳ ಸುತ್ತ ಗೋಡೆ ಕಟ್ಟುವುದನ್ನು ಗ್ರಾನ್ಯುಲೋಮಾ ಎನ್ನುತ್ತಾರೆ. ಕೆಲವೊಮ್ಮೆ ವರ್ಷಗಳ ಹಿಂದಿನ ಹಚ್ಚೆಯಲ್ಲಿ ಅದು ತಟ್ಟನೆ ಕಾಣಿಸಿಕೊಂಡು, ಸಾರ್ಕಾಯ್ಡೋಸಿಸ್‌ನಂಥ ಒಳರೋಗದ ಮೊದಲ ಸೂಚನೆಯೂ ಆಗಿರಬಹುದು.

ಬಣ್ಣಗಳ ಮೇಲಿನ ನಿಗಾ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಇಲಾಖೆ ಚರ್ಮದೊಳಗೆ ಚುಚ್ಚುವುದಕ್ಕೆಂದು ಯಾವ ಬಣ್ಣಕ್ಕೂ ಅನುಮೋದನೆ ಕೊಟ್ಟಿಲ್ಲ. ಕೆಲವು ಹಚ್ಚೆ ಶಾಯಿಗಳಲ್ಲಿ ಮುದ್ರಣದ ಶಾಯಿಗೂ ಕಾರಿನ ಪೇಂಟಿಗೂ ಬಳಸುವ ಬಣ್ಣಗಳಿವೆ ಎಂದು ಅದೇ ಹೇಳುತ್ತದೆ. ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಮತ್ತು ಪರ್ಮನೆಂಟ್ ಮೇಕಪ್ ಶಾಯಿಗಳಲ್ಲಿ 4,000ಕ್ಕೂ ಹೆಚ್ಚು ರಾಸಾಯನಿಕಗಳಿಗೆ ಮಿತಿ ಹಾಕಿತು. ನಮ್ಮಲ್ಲಿ 2025ರ ಫೆಬ್ರವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಹಚ್ಚೆ ಶಾಯಿಯ ಮಾದರಿಗಳಲ್ಲಿ 22 ಬಗೆಯ ಲೋಹಗಳು ಸಿಕ್ಕಿವೆ, ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಬರೆಯುತ್ತೇವೆ ಎಂದರು. ಅತ್ತ ಸೂಜಿ ಹಿಡಿಯುವ ಕೈಯ ವಿಷಯ ಕೇಳುವುದೇ ಬೇಡ. ಎರಡು ಮೂರು ದಿನದ ಕೋರ್ಸ್ ಮುಗಿಸಿ ಸರ್ಟಿಫಿಕೇಟನ್ನು ಗೋಡೆಗೆ ನೇತುಹಾಕಿದವರೂ ಇದ್ದಾರೆ.

ಇಷ್ಟವಾಗದಿದ್ದರೆ ಲೇಸರಿನಲ್ಲಿ ತೆಗೆಸಿದರಾಯಿತು ಎಂಬ ಧೈರ್ಯ ಹಲವರದು. ಹುಬ್ಬಿನ ಕಂದು, ತುಟಿಯ ಗುಲಾಬಿ ಬಣ್ಣಗಳಲ್ಲಿ ಕಬ್ಬಿಣದ ಆಕ್ಸೈಡೂ ಬಿಳಿಯ ಟೈಟೇನಿಯಂ ಡೈಆಕ್ಸೈಡೂ ಸೇರಿರುತ್ತವೆ. ಲೇಸರಿನ ಹೊಡೆತಕ್ಕೆ ಅವು ರಾಸಾಯನಿಕವಾಗಿ ಬದಲಾಗಿ ಕ್ಷಣದಲ್ಲಿ ಕಪ್ಪಾಗಬಲ್ಲವು. ಗುಲಾಬಿ ತುಟಿ ತೆಗೆಸಲು ಹೋಗಿ ಕಪ್ಪು ತುಟಿಯೊಂದಿಗೆ ಮರಳಿದವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಲ್ಲ ಚರ್ಮವೈದ್ಯರು ಮೊದಲು ಕಾಣದ ಮೂಲೆಯಲ್ಲಿ ಒಂದು ಚುಕ್ಕೆಯಷ್ಟು ಜಾಗಕ್ಕೆ ಲೇಸರ್ ಹಾಕಿ ಕಾಯುತ್ತಾರೆ.

ಗಾಯ ಮಾಯ್ದ ಮೇಲೂ ಎರಡು ಕಡೆ ಈ ಹುಬ್ಬಿನ ಸಂಗತಿ ಹೇಳಬೇಕಾಗುತ್ತದೆ. ಒಂದು, ಎಂಆರ್‌ಐ ಕೋಣೆಯ ಬಾಗಿಲಲ್ಲಿ. ಬಣ್ಣದಲ್ಲಿರುವ ಕಬ್ಬಿಣದಿಂದಾಗಿ ಅಪರೂಪಕ್ಕೆ ಊತವೋ ಉರಿಯೋ ಆಗುವುದುಂಟು. ಸ್ಕ್ಯಾನ್ ಬೇಡವೆನ್ನಲು ಅದು ಕಾರಣವಲ್ಲ, ಟೆಕ್ನಿಷಿಯನ್‌ಗೆ ಮೊದಲೇ ತಿಳಿಸಿದರೆ ಸಾಕು. ಇನ್ನೊಂದು, ರಕ್ತದಾನ ಶಿಬಿರದಲ್ಲಿ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತ ಕೊಡುವಂತಿಲ್ಲ ಎಂಬುದು ನಮ್ಮ ದೇಶದ ರಕ್ತನಿಧಿಗಳ ನಿಯಮ; ಹೆಪಟೈಟಿಸ್, ಎಚ್‌ಐವಿಯಂಥ ಸೋಂಕು ಸೂಜಿಯಿಂದ ದಾಟಿರಬಹುದೆಂಬ ಎಚ್ಚರಿಕೆ ಅದರ ಹಿಂದಿದೆ. ಅರ್ಜಿಯಲ್ಲಿ ‘ಇತ್ತೀಚೆಗೆ ಹಚ್ಚೆ ಹಾಕಿಸಿದ್ದೀರಾ?’ ಎಂಬ ಪ್ರಶ್ನೆಗೆ, ಕಳೆದ ತಿಂಗಳಷ್ಟೇ ಹುಬ್ಬು ಬರೆಸಿಕೊಂಡವರು ಯೋಚಿಸದೆ ‘ಇಲ್ಲ’ ಎಂದು ಟಿಕ್ ಮಾಡಿ ಮುಂದಿನ ಸಾಲಿಗೆ ಹೋಗುತ್ತಾರೆ.